ಹುತ್ತದ ಅಣಬೆ, ಕವಳಿ, ನೇರಳೆ: ಬೆಳಗಾವಿ ಸೀಮೆಯಲ್ಲಿ ಕಾಡಿನ ಫಸಲನ್ನು ಅರಿತು ಆಯುವ, ಮಾರುವ ಬಗೆ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ, ಅದರಲ್ಲೂ ಜಾಂಬೋಟಿ, ಕಣಕುಂಬಿ, ನಾಗರಗಾಳಿ, ಲೋಂಡಾ ಸುತ್ತಿನ ಹಳ್ಳಿಗಳಲ್ಲಿ, ಬೇಸಿಗೆಯ ಕೊನೆಯಿಂದ ಶ್ರಾವಣದವರೆಗಿನ ದಿನಗಳು ಸಣ್ಣ ಹಿಡುವಳಿದಾರರ ಕೈ ಬರಿದಾಗುವ ದಿನಗಳು. ಭತ್ತದ ಬೀಜ, ಗೊಬ್ಬರ, ನಾಟಿಯ ಕೂಲಿ ಎಂದು ಹಣ ಹೊರಗೆ ಹೋಗುತ್ತದೆ. ಮಕ್ಕಳ ಶಾಲೆ ಆರಂಭವಾಗುವುದೂ ಆಗಲೇ. ಆ ಕೊರತೆಯನ್ನು ತಲೆಮಾರುಗಳಿಂದ ಒಂದಿಷ್ಟಾದರೂ ತುಂಬಿಕೊಂಡು ಬಂದದ್ದು ಕಾಡು: ಏಪ್ರಿಲ್, ಮೇ ತಿಂಗಳಲ್ಲಿ ಕವಳಿ ಮತ್ತು ಮುರುಗಲು (ಕೋಕಂ), ಜೂನ್‌ನಲ್ಲಿ ನೇರಳೆ, ಮಳೆ ನೆಲಕ್ಕೆ ಚೆನ್ನಾಗಿ ಇಳಿದ ಮೇಲೆ ಹುತ್ತದ ಅಣಬೆ. ಇವನ್ನು ಆಯ್ದು, ಬುಟ್ಟಿ ಹೊತ್ತು ಬೆಳಗಾವಿಯ ಗಣಪತ್ ಗಲ್ಲಿ, ಖಡೇ ಬಜಾರಿನ ಕಡೆಗೆ ಬರುವ ಹೆಣ್ಣುಮಕ್ಕಳನ್ನು ನಗರದವರೆಲ್ಲ ನೋಡಿದ್ದಾರೆ. ಆ ಬುಟ್ಟಿಯ ಹಿಂದೆ ಎಷ್ಟು ತಿಳಿವಳಿಕೆ ಇದೆ ಎಂಬುದು ಮಾತ್ರ ಕೊಳ್ಳುವವರಿಗೆ ತಿಳಿದಿರುವುದಿಲ್ಲ, ಮತ್ತು ಊರು ಬಿಟ್ಟು ಓದಲು ಹೋದ ಅವರ ಮಕ್ಕಳಿಗೂ ಅದು ಈಗ ಕೈತಪ್ಪುತ್ತಿದೆ.

ಈ ಬರಹವನ್ನು ಮುಖ್ಯವಾಗಿ ಅಂಥ ಮಕ್ಕಳಿಗಾಗಿ, ಹಾಗೂ ಕಾಡಿನಂಚಿನಲ್ಲಿ ವಾಸವಿದ್ದು ಈ ಕೆಲಸವನ್ನು ಕ್ರಮವಾಗಿ ಕಲಿಯಬೇಕೆನ್ನುವವರಿಗಾಗಿ ಬರೆಯಲಾಗಿದೆ. ಇದನ್ನು ಓದಿ ನೇರವಾಗಿ ಕಾಡಿಗೆ ಹೋಗಬಾರದು. ಊರಿನಲ್ಲಿ ಬಹುಕಾಲದಿಂದ ಆಯುತ್ತ ಬಂದ ಹಿರಿಯರೊಬ್ಬರ ಜೊತೆಯಲ್ಲಿ ಒಂದು ಪೂರ್ತಿ ಮಳೆಗಾಲ ತಿರುಗಿ, ಅವರು ಏನನ್ನು ಆಯುತ್ತಾರೆ ಎಂಬುದಕ್ಕಿಂತ ಏನನ್ನು ಬಿಟ್ಟು ಬರುತ್ತಾರೆ ಎಂಬುದನ್ನು ಗಮನಿಸಿದ ಮೇಲೆ ಇಲ್ಲಿನ ಮಾತುಗಳು ಉಪಯೋಗಕ್ಕೆ ಬರುತ್ತವೆ.

ಮೊದಲು ಕಾಲದ ಲೆಕ್ಕ. ನಮ್ಮ ಕಡೆ ಈ ಲೆಕ್ಕವನ್ನು ಮಳೆ ನಕ್ಷತ್ರಗಳಿಂದಲೇ ಹಾಕುತ್ತಾರೆ, ಮತ್ತು ಅದು ತಿಂಗಳ ಲೆಕ್ಕಕ್ಕಿಂತ ಅನುಕೂಲವಾದದ್ದು. ರೋಹಿಣಿ ಮಳೆ ಬೀಳುವ ಹೊತ್ತಿಗೆ, ಅಂದರೆ ಮೇ ಕೊನೆಯ ವಾರಕ್ಕೆ, ಕವಳಿ ಮತ್ತು ಮುರುಗಲಿನ ಕೊಯ್ಲು ಮುಗಿಯುವ ಹಂತಕ್ಕೆ ಬಂದಿರಬೇಕು, ಏಕೆಂದರೆ ನೀರು ಕುಡಿದ ಹಣ್ಣು ಒಡೆಯುತ್ತದೆ. ಜೂನ್ 7 ಅಥವಾ 8ರಂದು ಮೃಗಶಿರಾ ಹುಟ್ಟುತ್ತದೆ. ಜನರ ಬಾಯಲ್ಲಿ ಅದು ಮಿರಗ. ಆ ಮಳೆಗೆ ನೇರಳೆ ಕಪ್ಪಾಗಿ ಉದುರಲು ತೊಡಗುತ್ತದೆ. ಮೊದಲ ಮಳೆಗಳ ಸಂಜೆ ದೀಪದ ಸುತ್ತ ಈಸಲು ಹುಳಗಳು, ಅಂದರೆ ರೆಕ್ಕೆ ಬಂದ ಗೆದ್ದಲುಗಳು, ಮುತ್ತುವುದು ಹುತ್ತಗಳು ಜೀವಂತವಾಗಿವೆ ಎಂಬುದರ ಗುರುತು. ಜೂನ್ ಕೊನೆಯ ಆರಿದ್ರಾ, ಜುಲೈನ ಪುನರ್ವಸು ಮತ್ತು ಪುಷ್ಯ ಮಳೆಗಳಲ್ಲಿ, ಎರಡು ಮೂರು ದಿನ ಬಿಡದೆ ಸುರಿದ ಮಳೆ ನಿಂತು ಸೆಕೆಯೊಂದಿಗೆ ಬಿಸಿಲು ಇಣುಕಿದಾಗ, ಹುತ್ತದ ಅಣಬೆ ಏಳುತ್ತದೆ. ಮಳೆ ಹಿಡಿದೇ ಇದ್ದರೆ ತಡವಾಗುತ್ತದೆ. ಮಿರಗ ಕೈಕೊಟ್ಟ ವರ್ಷ ಆಶ್ಲೇಷದವರೆಗೂ ಕಾಯಬೇಕಾಗುತ್ತದೆ.

ಹುತ್ತದ ಅಣಬೆಯನ್ನು ಅರಿಯುವುದು

ಖಾನಾಪುರ ಭಾಗದಲ್ಲಿ ಮರಾಠಿ, ಕೊಂಕಣಿಯ ಬಳಕೆ ಹೆಚ್ಚಾದ್ದರಿಂದ ಅಣಬೆಗೆ ಅಳಂಬಿ ಎಂಬ ಮಾತೇ ರೂಢಿಯಲ್ಲಿದೆ. ಅಳಂಬಿ ಎಂದು ಮಾರಾಟವಾಗುವುದರಲ್ಲಿ ಬಹುಪಾಲು ಟರ್ಮಿಟೊಮೈಸಿಸ್ ಎಂಬ ಗುಂಪಿಗೆ ಸೇರಿದ್ದು. ಅಣಬೆಯ ಮಟ್ಟಿಗೆ ಈ ಬರಹವನ್ನು ಆ ಒಂದೇ ಗುಂಪಿಗೆ ಸೀಮಿತಗೊಳಿಸಿದ್ದೇನೆ, ಮತ್ತು ಹೊಸದಾಗಿ ಕಲಿಯುವವರೂ ಹಾಗೆಯೇ ಮಾಡಬೇಕೆಂದು ಒತ್ತಾಯಿಸುತ್ತೇನೆ. ಹತ್ತು ಜಾತಿಗಳನ್ನು ಅರೆಬರೆ ತಿಳಿದವರಿಗಿಂತ ಒಂದು ಜಾತಿಯನ್ನು ಅದರ ನೆಲ, ಮಳೆ, ಬುಡ, ಬಣ್ಣಗಳ ಸಮೇತ ಪೂರ್ತಿ ತಿಳಿದವರು ಸುರಕ್ಷಿತ. ಅವರಿಗೆ ಪೇಟೆಯಲ್ಲಿ ನಂಬಿಗಸ್ತ ಗಿರಾಕಿಗಳೂ ಸಿಗುತ್ತಾರೆ.

ಈ ಅಣಬೆಯ ಬದುಕನ್ನು ತಿಳಿದುಕೊಂಡರೆ ಆಯುವ ಕ್ರಮ ತಾನಾಗಿ ಅರ್ಥವಾಗುತ್ತದೆ. ಗೆದ್ದಲು ಹುಳ ಒಣ ಎಲೆ, ಕಟ್ಟಿಗೆ, ಹುಲ್ಲನ್ನು ತಿಂದು ತನ್ನ ಗೂಡಿನೊಳಗೆ ಜೇನುಹುಟ್ಟಿಯಂಥ ರಂಧ್ರಗಳುಳ್ಳ ದಿಂಡೊಂದನ್ನು ಕಟ್ಟುತ್ತದೆ. ಆ ದಿಂಡಿನ ಮೇಲೆ ಈ ಶಿಲೀಂಧ್ರ ಬೆಳೆಯುತ್ತದೆ. ಗೆದ್ದಲಿಗೆ ತಾನಾಗಿ ಜೀರ್ಣಿಸಲಾಗದ ಕಟ್ಟಿಗೆಯ ಅಂಶವನ್ನು ಅದು ಕರಗಿಸಿಕೊಡುತ್ತದೆ, ಗೆದ್ದಲು ಆ ಶಿಲೀಂಧ್ರವನ್ನೇ ಉಂಡು ಬದುಕುತ್ತದೆ. ಮಳೆಗಾಲದಲ್ಲಿ ಅದೇ ಶಿಲೀಂಧ್ರ ನೆಲವನ್ನು ಸೀಳಿಕೊಂಡು ಮೇಲೆದ್ದು ಕೊಡೆ ಬಿಚ್ಚುತ್ತದೆ. ಬಟನ್ ಅಣಬೆ, ಚಿಪ್ಪಣಬೆಗಳನ್ನು ಶೆಡ್ಡಿನಲ್ಲಿ ಬೆಳೆಯುವಂತೆ ಇದನ್ನು ಬೆಳೆಯಲು ಇದುವರೆಗೆ ಯಾರಿಗೂ ಲಾಭಕರವಾಗಿ ಸಾಧ್ಯವಾಗಿಲ್ಲ. ಜೀವಂತ ಗೆದ್ದಲಿನ ಗೂಡಿಲ್ಲದೆ ಇದು ಏಳುವುದಿಲ್ಲ. ಇದರ ಬೆಲೆಗೆ ರುಚಿಯಷ್ಟೇ ಈ ಸಂಗತಿಯೂ ಕಾರಣ.

ಗುರುತಿನ ಲಕ್ಷಣಗಳು ಹೀಗಿವೆ. ಛತ್ರಿಯ ನಡುವೆ, ಮಣ್ಣನ್ನು ತೂತು ಮಾಡಿಕೊಂಡು ಬರಲು ಅನುಕೂಲವಾಗುವಂಥ ಗಟ್ಟಿಯಾದ ಮೊನಚು ಗುಬುಟು ಇರುತ್ತದೆ, ಅದು ಸಾಮಾನ್ಯವಾಗಿ ಉಳಿದ ಭಾಗಕ್ಕಿಂತ ಕಪ್ಪು ಅಥವಾ ಕಂದು. ಛತ್ರಿಯ ಕೆಳಗಿನ ಪದರಗಳು ಮೊದಲು ಬಿಳಿಯಾಗಿದ್ದು, ಬಲಿತಂತೆ ನಸುಗುಲಾಬಿಗೆ ತಿರುಗುತ್ತವೆ. ಕಾಂಡ ಟೊಳ್ಳಲ್ಲ, ನಾರುನಾರಾಗಿ ಗಟ್ಟಿಯಾಗಿರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಬುಡ: ನೆಲದ ಮಟ್ಟದಲ್ಲಿ ಕಾಂಡ ಮುಗಿಯುವುದಿಲ್ಲ, ಬೇರಿನಂತೆ ಸಣ್ಣಗಾಗುತ್ತ ಆಳಕ್ಕೆ, ಗೆದ್ದಲಿನ ಗೂಡಿನವರೆಗೆ ಇಳಿದಿರುತ್ತದೆ. ಹೊಸ ಜಾಗದಲ್ಲಿ ಕಂಡ ಅಣಬೆಯಾದರೆ ಗುಂಪಿನಲ್ಲಿ ಒಂದನ್ನು ಮಾತ್ರ, ಸುತ್ತಲ ಮಣ್ಣನ್ನು ಕಡ್ಡಿಯಿಂದ ಮೆಲ್ಲಗೆ ಸಡಿಲಿಸಿ, ಬುಡ ಕಾಣುವಂತೆ ತೆಗೆದು ನೋಡಬೇಕು. ಬುಡದಲ್ಲಿ ಚೀಲದಂಥ ಅಥವಾ ಒಡೆದ ಮೊಟ್ಟೆಯ ಸಿಪ್ಪೆಯಂಥ ಹೊದಿಕೆ ಕಂಡರೆ ಆ ಇಡೀ ಗುಂಪನ್ನು ಬಿಟ್ಟು ನಡೆಯಬೇಕು. ಅಮಾನಿಟಾ ಎಂಬ ಕುಲದ ಮಾರಕ ಅಣಬೆಗಳಿಗೆ ಇರುವ ಲಕ್ಷಣ ಅದು, ಮತ್ತು ಆತುರದಲ್ಲಿ ಕಾಂಡವನ್ನು ಮೇಲಿನಿಂದಲೇ ಚಿವುಟಿದವರಿಗೆ ಆ ಚೀಲ ಮಣ್ಣಿನಲ್ಲೇ ಉಳಿದು ಕಣ್ಣಿಗೆ ಬೀಳುವುದಿಲ್ಲ.

ಹುತ್ತದ ಮೇಲೆ ಎದ್ದದ್ದೆಲ್ಲ ತಿನ್ನುವಂಥದು ಎಂಬ ಭಾವನೆಯೂ ಸರಿಯಲ್ಲ. ಹಾಳುಬಿದ್ದ ಹುತ್ತದಲ್ಲಿ ಬೇರೆ ಬಗೆಯ ಶಿಲೀಂಧ್ರಗಳು ಬೆಳೆಯುತ್ತವೆ. ಹಾಗೆಯೇ ಹುತ್ತವೆಂದರೆ ಎತ್ತರದ ದಿಬ್ಬವೇ ಆಗಿರಬೇಕೆಂದಿಲ್ಲ; ಎಷ್ಟೋ ಗೂಡುಗಳು ನೆಲದೊಳಗೇ ಇರುತ್ತವೆ, ಮೇಲಿನಿಂದ ಬಯಲಿನಂತೆ ಕಾಣುವ ಜಾಗದಲ್ಲಿ ಸಾಲಾಗಿ ಅಣಬೆ ಎದ್ದಾಗಲೇ ಅದು ತಿಳಿಯುವುದು. ಒಮ್ಮೆ ಎದ್ದ ಜಾಗದಲ್ಲಿ ಗೂಡು ಬದುಕಿರುವವರೆಗೆ ಪ್ರತಿವರ್ಷ ಎದ್ದೀತೆಂದು ನಿರೀಕ್ಷಿಸಬಹುದು. ಹಿರಿಯರು ಈ ಜಾಗಗಳನ್ನು ಮನೆಯವರಿಗಲ್ಲದೆ ಬೇರೆಯವರಿಗೆ ಹೇಳದಿರುವುದು ಜಿಪುಣತನವಲ್ಲ, ಅದು ಅವರ ಆಸ್ತಿ.

ವಿಷದ ಮಾತು

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಊರೂರಿನಲ್ಲಿ ವಿಷದ ಅಣಬೆಯನ್ನು ಕಂಡುಹಿಡಿಯಲು ಹಲವು ಪರೀಕ್ಷೆಗಳು ಚಾಲ್ತಿಯಲ್ಲಿವೆ: ಬೇಯಿಸುವಾಗ ಬೆಳ್ಳಿಯ ಒಡವೆ ಹಾಕಿ ಕಪ್ಪಾಗುತ್ತದೆಯೇ ಎಂದು ನೋಡುವುದು, ಬೆಳ್ಳುಳ್ಳಿ ಅಥವಾ ಅಕ್ಕಿ ಬಣ್ಣ ತಿರುಗುತ್ತದೆಯೇ ಎಂದು ನೋಡುವುದು, ಹುಳ ಅಥವಾ ದನ ತಿಂದಿದ್ದರೆ ಮನುಷ್ಯರೂ ತಿನ್ನಬಹುದು ಎನ್ನುವುದು, ಛತ್ರಿಯ ಸಿಪ್ಪೆ ಸುಲಭವಾಗಿ ಬಿಟ್ಟರೆ ಒಳ್ಳೆಯದು ಎನ್ನುವುದು. ಇವುಗಳಲ್ಲಿ ಒಂದೂ ನಿಜವಲ್ಲ. ಹಿರಿಯರು ಈ ಪರೀಕ್ಷೆಗಳಿಂದ ಬದುಕಿ ಬಂದವರಲ್ಲ. ಜಾಗ ಮತ್ತು ಜಾತಿಯನ್ನು ಖಚಿತವಾಗಿ ಬಲ್ಲವರಾಗಿದ್ದರಿಂದ ಬದುಕಿ ಬಂದವರು. ಕುದಿಸಿದರೆ, ಹುರಿದರೆ, ಒಣಗಿಸಿದರೆ ವಿಷ ಹೋಗುತ್ತದೆ ಎಂಬುದೂ ಸುಳ್ಳು. ಅಮಾನಿಟಾದ ಮಾರಕ ಜಾತಿಗಳಲ್ಲಿರುವ ವಿಷ ಬೆಂಕಿಗೆ ಜಗ್ಗುವಂಥದಲ್ಲ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡಣಬೆ ತಿಂದು 13 ಜನ ತೀರಿಕೊಂಡದ್ದು ಮರೆಯಬಾರದ ಸಂಗತಿ.

ಆ ವಿಷದ ನಡೆ ಮೋಸದ್ದು. ತಿಂದ ಆರರಿಂದ ಹನ್ನೆರಡು ಗಂಟೆಗಳವರೆಗೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು, ಏನೂ ತಿಳಿಯುವುದಿಲ್ಲ. ಅನಂತರ ವಾಂತಿ ಭೇದಿ ಶುರುವಾಗಿ, ಮರುದಿನದ ಹೊತ್ತಿಗೆ ಅದು ನಿಂತು, ರೋಗಿ ಚೇತರಿಸಿಕೊಂಡಂತೆ ಕಾಣುತ್ತಾನೆ. ಒಳಗೆ ಯಕೃತ್ತು ಕೆಡುತ್ತಿರುವುದು ಆಗಲೇ. ಆದ್ದರಿಂದ ಅಣಬೆ ಉಂಡು ಎಷ್ಟೋ ಗಂಟೆಗಳ ಮೇಲೆ ವಾಂತಿ ಆರಂಭವಾದರೆ ಅದನ್ನು ಅಜೀರ್ಣವೆಂದು ಮನೆಮದ್ದು ಮಾಡುತ್ತ ಕೂರದೆ 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಉಳಿದ ಪಲ್ಯವನ್ನೂ ಹಸಿ ಅಣಬೆ ಉಳಿದಿದ್ದರೆ ಅದನ್ನೂ ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ಯಬೇಕು. ಅದೇ ಊಟ ಉಂಡ ಮನೆಯವರೆಲ್ಲರೂ, ಏನೂ ಆಗಿಲ್ಲ ಎನ್ನುವವರೂ, ತೋರಿಸಿಕೊಳ್ಳಬೇಕು. ಮಾರುವವರಿಗೆ ಇದರಲ್ಲಿ ಇನ್ನೊಂದು ಹೊಣೆಯಿದೆ: ಪ್ರತಿದಿನ ಮಾರುವ ಮುನ್ನ ಎರಡು ಅಣಬೆಗಳನ್ನು ಮನೆಯಲ್ಲಿ ತೆಗೆದಿಡಬೇಕು, ಯಾರಾದರೂ ಕೇಳಿಕೊಂಡು ಬಂದರೆ ತೋರಿಸಲು ಅದೊಂದೇ ಆಧಾರ.

ನಮ್ಮ ಬಯಲು, ಹಿತ್ತಿಲು, ಆಟದ ಮೈದಾನಗಳಲ್ಲಿ ಮಳೆ ಬಿದ್ದ ಮೇಲೆ ವೃತ್ತಾಕಾರವಾಗಿ ಏಳುವ ದೊಡ್ಡ ಬಿಳಿ ಛತ್ರಿಯ, ಮೇಲೆ ಕಂದು ಹೊಪ್ಪಳಿಕೆಗಳಿರುವ ಅಣಬೆಯೊಂದಿದೆ. ನೋಡಲು ಬಹು ಚೆಂದ, ವಿಷದ್ದು. ಬಲಿತಾಗ ಅದರ ಪದರಗಳು ಹಸಿರು ಛಾಯೆಗೆ ತಿರುಗುತ್ತವೆ. ಉಂಡ ಒಂದರಿಂದ ಮೂರು ಗಂಟೆಯೊಳಗೆ ಜೋರಾದ ವಾಂತಿ ಭೇದಿ ಹಿಡಿಯುತ್ತದೆ. ಎಳೆಯದರಲ್ಲಿ ಹಸಿರು ಕಾಣದ ಕಾರಣ ಬೀಜದಚ್ಚು ತೆಗೆಯುವುದನ್ನು ಕಲಿಯುವುದು ಒಳ್ಳೆಯದು: ಛತ್ರಿಯನ್ನು ಕಾಂಡದಿಂದ ಬಿಡಿಸಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಪದರ ಕೆಳಗಾಗಿ ಇಟ್ಟು, ಬಟ್ಟಲು ಬೋರಲು ಹಾಕಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಕಾಗದದ ಮೇಲೆ ಹುಡಿ ಉದುರಿರುತ್ತದೆ. ಹುತ್ತದ ಅಣಬೆಯದು ನಸುಗುಲಾಬಿ, ಅಮಾನಿಟಾದ್ದು ಬಿಳಿ, ಈ ಹಿತ್ತಿಲಿನದು ಹಸಿರು. ಗುಲಾಬಿ ಹುಡಿ ಉದುರಿಸುವ ವಿಷದ ಜಾತಿಗಳೂ ಇವೆ, ಆದ್ದರಿಂದ ಈ ಪರೀಕ್ಷೆಯಿಂದ ಬೇಡವಾದದ್ದನ್ನು ಹೊರಗಿಡಬಹುದೇ ಹೊರತು, ಇದು ತಿನ್ನಲು ಯೋಗ್ಯವೆಂದು ತೀರ್ಮಾನಿಸಲಾಗದು.

ಕಬ್ಬಿನ ಗದ್ದೆಯ ಬದುವಿನಲ್ಲಿ, ರಸ್ತೆಯಂಚಿನಲ್ಲಿ, ಕಾರ್ಖಾನೆಗಳ ಹತ್ತಿರ ಎದ್ದದ್ದನ್ನು ಜಾತಿ ಗೊತ್ತಿದ್ದರೂ ಆಯಬಾರದು. ಅಣಬೆ ನೆಲದಲ್ಲಿರುವ ಭಾರಲೋಹಗಳನ್ನು ಹೀರಿಕೊಳ್ಳುತ್ತದೆ, ಸಿಂಪಡಿಸಿದ ಔಷಧಿಯೂ ಅದರಲ್ಲಿ ಉಳಿಯುತ್ತದೆ.

ಆಯುವ ಕ್ರಮ

ಬೆಳಕು ಹರಿದ ಮೇಲೆಯೇ ಹೊರಡಬೇಕು. ಬೇಗ ಹೋದವರಿಗೆ ಮೊಗ್ಗು ಸಿಗುತ್ತದೆ ಎಂಬುದು ನಿಜವಾದರೂ, ಖಾನಾಪುರದ ಕಾಡುಗಳಲ್ಲಿ ಕರಡಿಯಿದೆ, ಮತ್ತು ಕರಡಿಗೂ ನಮಗೂ ಬೇಕಾದ ಜಾಗಗಳು ಒಂದೇ. ಅದು ಗೆದ್ದಲಿಗಾಗಿ ಹುತ್ತ ಕೆದರುತ್ತದೆ. ಕವಳಿ, ನೇರಳೆ, ಬಾರಿ (ಬೋರೆ) ಹಣ್ಣುಗಳನ್ನು ತಿನ್ನುತ್ತದೆ. ಮುಂಜಾವು ಮತ್ತು ಮುಸ್ಸಂಜೆ ಅದರ ಓಡಾಟದ ಹೊತ್ತು. ಹೊಸದಾಗಿ ಕೆದರಿದ ಹುತ್ತ, ಹಣ್ಣಿನ ಬೀಜಗಳು ತುಂಬಿದ ಲದ್ದಿ ಕಂಡರೆ ಆ ದಿನ ಆ ದಿಕ್ಕು ಬೇಡ. ಒಬ್ಬರೇ ಹೋಗದೆ ಮೂರು ನಾಲ್ಕು ಜನ ಮಾತನಾಡುತ್ತ ಹೋದರೆ ಕರಡಿ ತಾನಾಗಿ ಸರಿಯುತ್ತದೆ; ಸದ್ದಿಲ್ಲದೆ ನಡೆದು ಹತ್ತಿರದಲ್ಲಿ ಎದುರಾದಾಗಲೇ ಹೆಚ್ಚು ಅಪಾಯ. ಹುತ್ತದ ಬಿಲದಲ್ಲಿ ಹಾವು ಇರಬಹುದಾದ್ದರಿಂದ ಎಲೆ ಕಸವನ್ನು ಕೈಯಿಂದಲ್ಲ, ಕೋಲಿನಿಂದ ಸರಿಸಬೇಕು.

ಹುತ್ತವನ್ನು ಅಗೆಯಬಾರದು. ಇದು ಈ ಕೆಲಸದ ಮೊದಲ ಕಟ್ಟಳೆ. ಮಣ್ಣಿನ ಮಟ್ಟದಲ್ಲಿ ಕಾಂಡವನ್ನು ಹಿಡಿದು ಮೆಲ್ಲಗೆ ತಿರುವಿದರೆ ಅಣಬೆ ಕೈಗೆ ಬರುತ್ತದೆ, ಇಲ್ಲವೇ ಚೂರಿಯಿಂದ ಕೊಯ್ಯಬಹುದು. ನೆಲದೊಳಗಿನ ಉದ್ದ ಬುಡದಾಸೆಗೆ ಗುದ್ದಲಿ ಹಾಕಿದರೆ ಒಳಗಿನ ದಿಂಡು ಒಡೆಯುತ್ತದೆ, ಗೂಡು ಹಾಳಾಗುತ್ತದೆ. ನಾಗರಪಂಚಮಿಯ ದಿನ ನೆಲ ಅಗೆಯಬಾರದು, ಹುತ್ತಕ್ಕೆ ಹಾಲೆರೆಯಬೇಕು ಎಂಬ ನಮ್ಮ ನಡೆ ಅಣಬೆಯ ಕಾಲದ ನಡುವೆಯೇ ಬರುತ್ತದೆ. ಆ ಒಂದು ದಿನದ ಮರ್ಯಾದೆಯನ್ನು ಇಡೀ ಮಳೆಗಾಲಕ್ಕೆ ವಿಸ್ತರಿಸಿದರೆ ಹುತ್ತವೂ ಉಳಿಯುತ್ತದೆ, ಫಸಲೂ ಉಳಿಯುತ್ತದೆ.

ಎರಡನೆಯ ಕಟ್ಟಳೆ, ಪ್ರತಿ ಹುತ್ತದಲ್ಲಿ ಒಂದು ಪಾಲು ಅಣಬೆಯನ್ನು ಬಿಟ್ಟು ಬರುವುದು. ಮೂರರಲ್ಲಿ ಒಂದು ಪಾಲನ್ನಾದರೂ ಬಿಡಬೇಕೆಂಬುದು ನನ್ನ ಅಭಿಪ್ರಾಯ, ಮತ್ತು ಬಿಡುವವು ಪೂರ್ತಿ ಅರಳಿದವಾಗಿರಬೇಕು. ಇದಕ್ಕೆ ಕಾರಣ ಗೆದ್ದಲಿನ ಬದುಕಿನಲ್ಲೇ ಇದೆ. ಈಸಲು ಹಾರಿಹೋಗಿ ಕಟ್ಟುವ ಹೊಸ ಗೂಡುಗಳಲ್ಲಿ ಬಹುಪಾಲಿಗೆ ಶಿಲೀಂಧ್ರ ಹುಟ್ಟಿನಿಂದ ಬರುವುದಿಲ್ಲ. ಆ ಗೂಡಿನ ಮೊದಲ ತಲೆಮಾರಿನ ಕೆಲಸಗಾರ ಹುಳಗಳು ಹೊರಗೆ ಮೇಯಲು ಬಂದಾಗ, ಅರಳಿದ ಅಣಬೆಯಿಂದ ಉದುರಿ ಎಲೆ ಕಸದ ಮೇಲೆ ಬಿದ್ದ ಬೀಜಹುಡಿಯನ್ನು ಒಳಗೆ ಒಯ್ಯುತ್ತವೆ. ಊರಿನ ಸುತ್ತ ಎದ್ದ ಅಣಬೆಯನ್ನೆಲ್ಲ ಮೊಗ್ಗಿನಲ್ಲೇ ಕಿತ್ತುಕೊಂಡು ಹೋದರೆ ಹೊಸ ಗೂಡುಗಳಿಗೆ ಬಿತ್ತನೆಯೇ ಇಲ್ಲದಂತಾಗುತ್ತದೆ. ಮೊಗ್ಗಿಗೆ ಪೇಟೆಯಲ್ಲಿ ಹೆಚ್ಚು ಬೆಲೆಯಿರುವುದರಿಂದ ಈ ಕಟ್ಟಳೆಯನ್ನು ಪಾಲಿಸುವುದು ಕಷ್ಟವೆಂಬುದನ್ನು ಬಲ್ಲೆ. ಆದರೆ ನಾನು ಬಿಟ್ಟದ್ದನ್ನು ಮತ್ತೊಬ್ಬರು ಕಿತ್ತರೆ ಏನು ಪ್ರಯೋಜನ ಎಂಬ ಪ್ರಶ್ನೆಗೆ ಒಬ್ಬರೇ ಉತ್ತರ ಕೊಡಲಾಗದು. ಅದನ್ನು ಊರು ಕೂಡಿ ನಿರ್ಧರಿಸಬೇಕು. ಯಾವ ಗುಡ್ಡವನ್ನು ಯಾವ ವಾಡದವರು ಆಯಬೇಕೆಂಬ ಒಪ್ಪಂದ ಮೊದಲಾದರೆ, ಬಿಟ್ಟುಬರುವುದು ತಾನಾಗಿ ರೂಢಿಗೆ ಬರುತ್ತದೆ.

ಆಯ್ದ ಸ್ಥಳದಲ್ಲೇ ಬುಡದ ಮಣ್ಣನ್ನು ಚೂರಿಯಿಂದ ಹೆರೆದು, ಬಿದಿರಿನ ಬುಟ್ಟಿಯಲ್ಲಿ ಸಾಗವಾನಿ ಅಥವಾ ಮುತ್ತುಗದ ಎಲೆ ಹಾಸಿ, ಛತ್ರಿ ಕೆಳಗಾಗಿ ಒಂದರ ಪಕ್ಕ ಒಂದು ಜೋಡಿಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ತುಂಬಿದ ಅಣಬೆ ಬೆವರಿ, ಪೇಟೆ ತಲುಪುವಷ್ಟರಲ್ಲಿ ಲೋಳೆಯಾಗುತ್ತದೆ. ಕೊಳೆತ ಒಳ್ಳೆಯ ಅಣಬೆಯೂ ಹೊಟ್ಟೆ ಕೆಡಿಸುತ್ತದೆ. ಅಡುಗೆಗೆ ಮುನ್ನ ಹೊರತು ತೊಳೆಯಬಾರದು. ಮೊಗ್ಗು ಮತ್ತು ಅರಳಿದವನ್ನು ಬೇರೆ ಬೇರೆ ಗುಂಪು ಮಾಡಬೇಕು. ಬಿಚ್ಚಿಕೊಂಡವು ಅಂದೇ ಖರ್ಚಾಗಬೇಕು. ಖರ್ಚಾಗದಿದ್ದರೆ ಉದ್ದುದ್ದ ಸೀಳಿ, ಮಳೆಗಾಲದಲ್ಲಿ ಬಿಸಿಲು ನಂಬುವಂತಿಲ್ಲವಾದ್ದರಿಂದ, ಒಲೆಯ ಮೇಲಿನ ಅಟ್ಟದಲ್ಲಿ ಕಟಕಟ ಮುರಿಯುವವರೆಗೆ ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿ ತುಂಬಬೇಕು. ಮನೆಯಲ್ಲಿ ಉಣ್ಣುವಾಗ ಚೆನ್ನಾಗಿ ಬೇಯಿಸಬೇಕು. ಮೊದಲ ಸಲ ಉಣ್ಣುವವರಿಗೆ ಎರಡು ತುತ್ತು ಸಾಕು, ಹಾಗೂ ಅದರ ಜೊತೆ ಸೆರೆ ಕುಡಿಯಬಾರದು.

ಕವಳಿ, ನೇರಳೆ, ಮುರುಗಲು

ಹಣ್ಣುಗಳಲ್ಲಿ ಅಪಾಯ ಕಡಿಮೆ, ದುಡಿಮೆ ಹೆಚ್ಚು. ಕವಳಿಯನ್ನು ಗುರುತಿಸುವುದು ಸುಲಭ: ಎದುರುಬದುರಾದ ದಪ್ಪ ಎಲೆ, ಬಹುತೇಕ ಕವಲೊಡೆದ ಗಟ್ಟಿ ಮುಳ್ಳು, ಮುರಿದರೆ ಸುರಿಯುವ ಬಿಳಿ ಹಾಲು, ಮಲ್ಲಿಗೆಯಂಥ ಬಿಳಿ ಹೂವು, ಹಸಿರಿನಿಂದ ಕೆಂಪಿಗೆ, ಕೆಂಪಿನಿಂದ ಕಪ್ಪಿಗೆ ತಿರುಗುವ ಕಾಯಿ. ಹಾಲು ಬರುವ ಗಿಡದ ಹಣ್ಣೆಲ್ಲ ವಿಷ ಎಂಬ ಮಾತಿಗೆ ಕವಳಿ ಹೊರತು. ಆದರೆ ಇದನ್ನೇ ಆಧಾರವಾಗಿಸಿಕೊಂಡು ಮಕ್ಕಳು ಕಣಗಿಲೆಯ ಕಾಯಿಗೆ ಬಾಯಿ ಹಾಕದಂತೆ ಎಚ್ಚರಿಸಬೇಕು, ಅದು ಇದೇ ಕುಟುಂಬಕ್ಕೆ ಸೇರಿದ ಕಡುವಿಷದ ಗಿಡ. ಖಾನಾಪುರದ ಕಾಡಿನಲ್ಲಿ ಕಾಸರಕದ ಕಿತ್ತಳೆ ಬಣ್ಣದ ಉರುಟು ಹಣ್ಣು, ಬೇಲಿಗಳಲ್ಲಿ ಗುಲಗಂಜಿ, ಹಾಳುಬಿದ್ದ ನೆಲದಲ್ಲಿ ಮದುಗುಣಕಿಯ ಮುಳ್ಳುಕಾಯಿ, ಬಯಲಿನ ಬದುಗಳಲ್ಲಿ ಕಾಡುಹರಳಿನ ಬೀಜ: ಈ ನಾಲ್ಕನ್ನೂ ಜೊತೆಗೆ ಬರುವ ಮಕ್ಕಳಿಗೆ ಮೊದಲ ದಿನವೇ ತೋರಿಸಿ ಬಿಡಬೇಕು.

ಉಪ್ಪಿನಕಾಯಿಗೆ ಬೇಕಾದ ಹಸಿ ಕವಳಿಯನ್ನು ಏಪ್ರಿಲ್‌ನಲ್ಲಿ, ಹಣ್ಣನ್ನು ಮೇ ತಿಂಗಳಲ್ಲಿ ಕೊಯ್ಯುತ್ತಾರೆ. ಎಡಗೈಗೆ ದಪ್ಪ ಬಟ್ಟೆ ಸುತ್ತಿಕೊಂಡು ಕೊಂಬೆಯನ್ನು ಕೊಕ್ಕೆಯಿಂದ ಎಳೆದು ಹಿಡಿದು ಬಲಗೈಯಿಂದ ಬಿಡಿಸುವುದು ರೂಢಿ. ಮುಳ್ಳಿಗೆ ಬೇಸತ್ತು ಕೊಂಬೆಯನ್ನೇ ಕಡಿದು ಕೆಳಗೆ ಹಾಕಿ ಕೊಯ್ಯುವವರು ಹೆಚ್ಚುತ್ತಿದ್ದಾರೆ. ಅದು ಮುಂದಿನ ವರ್ಷಗಳ ಹಣ್ಣನ್ನು ಈ ವರ್ಷವೇ ಕಡಿದು ಮಾರಿದಂತೆ. ಹಸಿಕಾಯಿಯನ್ನು ಉಪ್ಪುನೀರಿನಲ್ಲಿ ಹಾಕಿಟ್ಟು ತೊಳೆದರೆ ಅಂಟು ಬಿಡುತ್ತದೆ. ಕಪ್ಪಾದ ಹಣ್ಣು ಮರುದಿನಕ್ಕೆ ಹುಳಿ ಬಂದು ನೊರೆಯೇಳುತ್ತದಾದ್ದರಿಂದ ಆಳವಿಲ್ಲದ ಬುಟ್ಟಿಯಲ್ಲಿ ತೆಳುವಾಗಿ ಹರಡಿ ಒಯ್ಯಬೇಕು, ಎಲೆಯ ದೊಣ್ಣೆಯಲ್ಲಿ ಸಣ್ಣ ಸಣ್ಣ ಪಾಲು ಮಾಡಿ ಮಾರಬೇಕು. ಉಳಿದ ಹಣ್ಣಿಗೆ ಕಾಲುಭಾಗದಷ್ಟು ಕೆಂಪುಗಾಯಿ ಬೆರೆಸಿ ಸಕ್ಕರೆಯೊಂದಿಗೆ ಕುದಿಸಿದರೆ ಜಾಮ್ ಚೆನ್ನಾಗಿ ಹೆಪ್ಪುಗಟ್ಟುತ್ತದೆ, ಏಕೆಂದರೆ ಹೆಪ್ಪುಗಟ್ಟಿಸುವ ಅಂಶ ಪೂರ್ತಿ ಮಾಗದ ಕಾಯಿಯಲ್ಲೇ ಹೆಚ್ಚು. ಬೇಸಿಗೆಯ ಪೊದೆಗಳಲ್ಲಿ ಉಣ್ಣೆ ಹುಳಗಳಿರುತ್ತವೆ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಅವು ಮಂಗನ ಕಾಯಿಲೆಯನ್ನು ಹರಡುತ್ತವೆ. ಮೈತುಂಬ ಬಟ್ಟೆ ತೊಟ್ಟು ಹೋಗಿ, ಬಂದ ಕೂಡಲೇ ಬಿಸಿನೀರಿನಲ್ಲಿ ಮಿಂದು, ಕಾಡಿನಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ನೇರಳೆಯ ಮರ ಹತ್ತಬಾರದು. ಅದರ ಕೊಂಬೆ ನೋಡಲು ದಪ್ಪವಾಗಿದ್ದರೂ ಪೆಡಸು, ಮಳೆಯಲ್ಲಿ ನೆನೆದಿದ್ದಾಗ ಕಾಲು ಜಾರುವುದೂ ಉಂಟು. ಮರದ ಕೆಳಗೆ ಹಳೆಯ ಸೀರೆಗಳನ್ನು ಹೊಲಿದ ಹಾಸು ಬಿಗಿದು ಕಟ್ಟಿ, ಉದ್ದ ದೋಟಿಯಿಂದ ಕೊಂಬೆ ಅಲುಗಿಸುವುದು ಸಾಕು. ನೆಲಕ್ಕೆ ಬಿದ್ದು ಒಡೆದ ಹಣ್ಣಿಗಿಂತ ಹಾಸಿನ ಮೇಲೆ ಬಿದ್ದದ್ದು ಒಂದು ದಿನ ಹೆಚ್ಚು ಬಾಳುತ್ತದೆ. ಸಕ್ಕರೆ ಕಾಯಿಲೆಯವರು ಹಣ್ಣನ್ನೂ ಬೀಜದ ಪುಡಿಯನ್ನೂ ಕೇಳಿಕೊಂಡು ಬರುತ್ತಾರೆ. ಬೀಜ ಒಣಗಿಸಿ ಮಾರುವುದರಲ್ಲಿ ತಪ್ಪಿಲ್ಲ, ಆದರೆ ಅದರಿಂದ ಕಾಯಿಲೆ ವಾಸಿಯಾಗುತ್ತದೆ ಎಂದು ಹೇಳಿ ಮಾರಬಾರದು. ಆ ಮಾತನ್ನು ನಂಬಿ ಒಬ್ಬರು ಮಾತ್ರೆ ನಿಲ್ಲಿಸಿದರೂ ಅದು ದೊಡ್ಡ ಹಾನಿ.

ನನ್ನ ದೃಷ್ಟಿಯಲ್ಲಿ ವರಮಾನದ ಲೆಕ್ಕದಲ್ಲಿ ಇವೆಲ್ಲಕ್ಕಿಂತ ನೆಚ್ಚಬಹುದಾದದ್ದು ಮುರುಗಲು, ಏಕೆಂದರೆ ಒಣಗಿದ ಸಿಪ್ಪೆ ವರ್ಷವಿಡೀ ಕೆಡುವುದಿಲ್ಲ, ಕೊಳ್ಳುವವರು ಹೇಳಿದ ಬೆಲೆಗೇ ಕೊಟ್ಟು ಬರಬೇಕಾದ ಆತುರವೂ ಇಲ್ಲ. ಪೂರ್ತಿ ಕೆಂಪಾದ ಹಣ್ಣನ್ನು ಎರಡು ಹೋಳು ಮಾಡಿ, ತಿರುಳು ಬೀಜ ತೆಗೆದು, ಸಿಪ್ಪೆಯನ್ನು ಬಿಸಿಲಿಗೆ ಹಾಕಬೇಕು. ತಿರುಳಿನ ರಸಕ್ಕೆ ಉಪ್ಪು ಹಾಕಿ, ಒಣಗಿದ ಸಿಪ್ಪೆಯನ್ನು ಅದರಲ್ಲಿ ಅದ್ದಿ ಮತ್ತೆ ಒಣಗಿಸುವುದನ್ನು ಹಲವು ಸಲ ಮಾಡಿದರೆ ಕಪ್ಪು ಹೊಳಪಿನ ಮೆತ್ತನೆಯ ಕೋಕಂ ಸಿದ್ಧವಾಗುತ್ತದೆ. ಬೀಜವನ್ನು ಎಸೆಯಬಾರದು, ಅದನ್ನು ಒಣಗಿಸಿ ಕುಟ್ಟಿ ನೀರಿನಲ್ಲಿ ಕುದಿಸಿದರೆ ಮೇಲೆ ತೇಲುವ ಎಣ್ಣೆ ಆರಿದಾಗ ಗಟ್ಟಿಯಾಗುತ್ತದೆ. ಒಡೆದ ಹಿಮ್ಮಡಿಗೆ ಹಚ್ಚುವ ಮುರುಗಲ ತುಪ್ಪ ಅದೇ, ಮತ್ತು ಸೌಂದರ್ಯವರ್ಧಕ ತಯಾರಕರಿಗೂ ಅದು ಬೇಕು. ಇಷ್ಟಕ್ಕೆಲ್ಲ ಮೇ ತಿಂಗಳ ಬಿಸಿಲು ಬೇಕಾದ್ದರಿಂದ ಕೊಯ್ಲನ್ನು ತಡಮಾಡಬಾರದು.

ಬಾಗಲಕೋಟೆ, ವಿಜಯಪುರದ ಕಡೆ ಮಳೆ 600 ಮಿ.ಮೀ. ಆಸುಪಾಸಿನಲ್ಲೇ ನಿಲ್ಲುವುದರಿಂದ ಅಲ್ಲಿ ಅಣಬೆಯ ಮಾತು ಕಡಿಮೆ, ಎಷ್ಟೋ ಮನೆಗಳಲ್ಲಿ ಅದನ್ನು ಒಲೆಗೇ ಹತ್ತಿಸುವುದಿಲ್ಲ. ಆ ಸೀಮೆಯ ಕಾಡುಹಣ್ಣು ಬಾರಿ. ಡಿಸೆಂಬರ್‌ನಿಂದ ಹೊಲದ ಬದುಗಳಲ್ಲಿ ಮಾಗುವ ಇದಕ್ಕೆ ಸಂಕ್ರಾಂತಿಯ ಹೊತ್ತಿಗೆ, ಮಕ್ಕಳಿಗೆ ಹಣ್ಣೆರೆಯುವ ಶಾಸ್ತ್ರಕ್ಕಾಗಿ, ಒಳ್ಳೆಯ ಬೇಡಿಕೆ ಬರುತ್ತದೆ. ಹುಳುಕು ಬಿದ್ದವನ್ನು ಆರಿಸಿ ತೆಗೆದು, ಉಳಿದದ್ದನ್ನು ಸುಕ್ಕುಗಟ್ಟುವವರೆಗೆ ಒಣಗಿಸಿ, ಬೆಲ್ಲ, ಉಪ್ಪು, ಖಾರದೊಂದಿಗೆ ಕುಟ್ಟಿ ವಡೆ ತಟ್ಟಿದರೆ ಶಾಲೆಗಳ ಮುಂದೆ ಬೇಸಿಗೆಯವರೆಗೂ ಮಾರಬಹುದು. ಬದು ಮತ್ತೊಬ್ಬರದಾದರೆ ಹೊಲದ ಯಜಮಾನರನ್ನು ಕೇಳಿಯೇ ಕೈ ಹಚ್ಚಬೇಕು.

ಹಕ್ಕು ಮತ್ತು ಮಾರಾಟ

ಕಾನೂನಿನ ಎರಡು ಸಂಗತಿಗಳನ್ನು ತಿಳಿಯದೆ ಈ ಕೆಲಸಕ್ಕೆ ಇಳಿಯಬಾರದು. ಖಾನಾಪುರ ತಾಲೂಕಿನಲ್ಲಿ 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಜೀವಿ ಧಾಮದ ಒಳಗೆ, ಹಾಗೂ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ಚಿಂಕಾರ ಧಾಮದ ಒಳಗೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ; ಹೊರಗಿನಿಂದ ಬಂದವರು ಅಲ್ಲಿಂದ ಎಲೆ, ಹಣ್ಣು, ಅಣಬೆ ಏನನ್ನೂ ಒಯ್ಯುವಂತಿಲ್ಲ. ಇನ್ನೊಂದು ಕಡೆ, 2006ರ ಅರಣ್ಯ ಹಕ್ಕು ಕಾಯ್ದೆಯ 3(1)(ಸಿ) ಕಲಮು ಪರಂಪರೆಯಿಂದ ಆಯುತ್ತ ಬಂದ ಅರಣ್ಯವಾಸಿಗಳಿಗೆ ಕಿರು ಅರಣ್ಯ ಉತ್ಪನ್ನಗಳ ಒಡೆತನವನ್ನೂ, ಆಯ್ದು ಬಳಸುವ, ಮಾರುವ ಹಕ್ಕನ್ನೂ ಕೊಡುತ್ತದೆ. ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ಮುಖ್ಯವಾಗಿ ವಾಸವಿದ್ದುದನ್ನು ತೋರಿಸಬೇಕಾಗುತ್ತದೆ. ಅರ್ಜಿ ಸಲ್ಲಿಸಬೇಕಾದದ್ದು ಗ್ರಾಮಸಭೆ ಆರಿಸಿದ ಅರಣ್ಯ ಹಕ್ಕು ಸಮಿತಿಗೆ. 2012ರ ತಿದ್ದುಪಡಿಯ ನಂತರ ಸಾಗಣೆಯ ರಹದಾರಿ ಕೊಡುವ ಅಧಿಕಾರವೂ ಗ್ರಾಮಸಭೆಯ ಸಮಿತಿಗೇ ಬಂದಿದೆ. ಅರ್ಜಿ ಹಾಕುವಾಗ ಹಿರಿಯರ ಹೇಳಿಕೆಗಳನ್ನು, ಆಯುವ ಗುಡ್ಡಗಳ ಹೆಸರು ಮತ್ತು ಗಡಿಯನ್ನು ಬರೆದು ಸೇರಿಸಬೇಕು. ಹಕ್ಕುಪತ್ರ ಕೈಯಲ್ಲಿದ್ದರೆ ದಾರಿಯಲ್ಲಿ ಬುಟ್ಟಿ ತಡೆದವರಿಗೆ ಉತ್ತರ ಹೇಳುವುದು ಸುಲಭ.

ಮಾರಾಟದಲ್ಲಿ ಹೆಚ್ಚಿನ ನಷ್ಟವಾಗುವುದು ತೂಕದಲ್ಲಿ ಅಲ್ಲ, ಹೊತ್ತಿನಲ್ಲಿ. ಬೆಳಿಗ್ಗೆ ಆಯ್ದ ಅಣಬೆ ಮಧ್ಯಾಹ್ನದೊಳಗೆ ಗಿರಾಕಿಯ ಮನೆ ಸೇರಬೇಕು. ಸಂಜೆಯಾದಂತೆ ಕೇಳಿದ ಬೆಲೆಗೆ ಕೊಡಬೇಕಾಗುತ್ತದೆ, ಅದು ಗೊತ್ತಿರುವ ಕೆಲವು ಕೊಳ್ಳುವವರು ಬೇಕೆಂದೇ ಕಾಯುತ್ತಾರೆ. ಚೋರ್ಲಾ ಘಾಟಿನ ರಸ್ತೆಯಲ್ಲಿ ಗೋವೆಗೆ ಹೋಗುವವರು ಒಳ್ಳೆಯ ಗಿರಾಕಿಗಳು, ಆದರೆ ಮಳೆಗಾಲದ ಆ ತಿರುವುಗಳಲ್ಲಿ ರಸ್ತೆಗೆ ತಾಗಿ ಕೂರುವುದು ಅಪಾಯ. ವಾಹನ ನಿಲ್ಲಿಸಲು ಜಾಗವಿರುವ ಕಡೆ ನಾಲ್ಕಾರು ಜನ ಒಟ್ಟಿಗೆ ಕೂತರೆ ಬೆಲೆಯನ್ನೂ ಒಂದೇ ಇಡಬಹುದು. ನಗರದ ಖಾಯಂ ಮನೆಗಳ ಫೋನ್ ನಂಬರ್ ಪಡೆದು, ಅಣಬೆ ಎದ್ದ ದಿನ ಬೆಳಿಗ್ಗೆಯೇ ಚಿತ್ರ ಕಳಿಸಿ ಎಷ್ಟು ಬೇಕೆಂದು ಕೇಳಿ ಹೊರಡುವ ಕ್ರಮ ಈಗ ಶಕ್ಯವಿದೆ. ಇದರಿಂದ ಬೇಡಿಕೆಯಷ್ಟನ್ನೇ ಆಯ್ದರೆ ಸಾಕಾಗುತ್ತದೆ. ಕೋಕಂ, ಜಾಮ್, ಉಪ್ಪಿನಕಾಯಿ, ಬಾರಿ ವಡೆಗಳನ್ನು ಪೊಟ್ಟಣ ಕಟ್ಟಿ ಮಾರಲು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು. ಒಬ್ಬೊಬ್ಬರೇ ಮಾಡಿಸುವುದಕ್ಕಿಂತ ಮಹಿಳಾ ಸ್ವಸಹಾಯ ಸಂಘದ ಹೆಸರಿನಲ್ಲಿ ಮಾಡಿಸಿದರೆ ಖರ್ಚು ಹಂಚಿಹೋಗುತ್ತದೆ, ಡಬ್ಬಿ, ತಕ್ಕಡಿ, ಸೀಲು ಹಾಕುವ ಯಂತ್ರ ಎಲ್ಲರಿಗೂ ಸಿಗುತ್ತವೆ. ಸಂಘವು ಮುರುಗಲ ಸಿಪ್ಪೆಯನ್ನು ಮೇ ತಿಂಗಳಲ್ಲೇ ಸದಸ್ಯರಿಂದ ಕೊಂಡು ಅರ್ಧ ಹಣ ಕೊಟ್ಟು, ದೀಪಾವಳಿಯ ನಂತರ ಮಾರಿ ಉಳಿದ ಹಣವನ್ನು ಹಂಚಿದರೆ, ಬಿತ್ತನೆಯ ಕಾಲದ ಸಾಲಕ್ಕಾಗಿ ವ್ಯಾಪಾರಿಗೆ ಮುಂಗಡವಾಗಿ ಫಸಲು ಬರೆದುಕೊಡುವ ಪದ್ಧತಿಯಿಂದ ಮನೆಗಳು ಹೊರಬರಬಹುದು.